ಹಾಸಿಗೆ ಅಕ್ಕನ ಅರಳೆ

ಮಧ್ಯಾಹ್ನ ಊಟಕ್ಕೆ ಕೂತು, ತಟ್ಟೆಯ ಅಂಚಿಗೆ ಒಂದು ತುತ್ತು ಎತ್ತಿಟ್ಟರೂ ಅರಳೆ ಬರಲಿಲ್ಲ. ಹಾಸಿಗೆ ಅಕ್ಕ ಹಿಮ್ಮಡಿಯಿಂದ ನೆಲ ಕುಟ್ಟಿದಳು. ಸ್ವಲ್ಪ ಕಾದು ಮತ್ತೆ ಕುಟ್ಟಿದಳು. ಮೂಲೆಯ ಹತ್ತಿಯ ರಾಶಿ ಕದಲಲಿಲ್ಲ.

ಅರಳೆ ಅವಳ ಬೆಕ್ಕು. ಮೂಗಿನ ತುದಿಯೊಂದನ್ನು ಬಿಟ್ಟರೆ ಮೈಯೆಲ್ಲ ಬಿಳಿ, ಹುಟ್ಟು ಕಿವುಡು. ಅಂಗಡಿಯ ಹಿಂದಿನ ಮೆಟ್ಟಿಲ ಕೆಳಗೆ ಅದನ್ನು ಹೆತ್ತ ತಾಯಿಬೆಕ್ಕು, ಒಂದು ದಿನ ಜಾಗ ಬದಲಿಸುವಾಗ ಗೋಡೆಯ ಮೇಲೆ ನಿಂತು ಮರಿಗಳನ್ನು ಕರೆದಿತ್ತು. ಉಳಿದವು ಹಿಂದೆ ಹೋದವು. ಇದಕ್ಕೆ ಕೇಳಿಸಲಿಲ್ಲ, ಇಲ್ಲೇ ಉಳಿಯಿತು. ಹತ್ತಿ ಹಿಂಜುವ ಮಷೀನು ಶುರುವಾದರೆ ಬೀದಿ ನಾಯಿಗಳೆಲ್ಲ ಬಾಲ ಮಡಚಿಕೊಂಡು ಆಚೆ ತಿರುವಿಗೆ ಓಡುತ್ತಿದ್ದವು. ಅರಳೆ ಮಾತ್ರ ಮಷೀನಿನ ಪಕ್ಕದಲ್ಲೇ ಹೊಟ್ಟೆ ಮೇಲೆ ಮಾಡಿ ಮಲಗಿರುತ್ತಿತ್ತು. ಅದಕ್ಕೆ ಲೋಕವೆಲ್ಲ ಬರುವುದು ಪಾದದ ಕೆಳಗಿನಿಂದ. ಅಕ್ಕ ನೆಲ ಕುಟ್ಟಿದರೆ ಸಾಕು, ಎಲ್ಲಿದ್ದರೂ ಬರುತ್ತಿತ್ತು. ಬಂದು ಅವಳ ಮೊಣಕಾಲಿಗೆ ಹಣೆ ಗುದ್ದುತ್ತಿತ್ತು.

ಆ ಬೀದಿಯವರು ಅವಳನ್ನು ಹಾಸಿಗೆ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಾದವರಿಗೂ ಅಕ್ಕ, ಶಾಲೆಗೆ ಹೋಗುವವರಿಗೂ ಅಕ್ಕ. ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ಜ್ವರದಲ್ಲಿ ಹೋಗಿಬಿಟ್ಟ. ಮಕ್ಕಳಾಗಿರಲಿಲ್ಲ. ತವರಿಗೆ ಬಂದು ಅಮ್ಮನ ಪಕ್ಕ ಕೂತು ದಬ್ಬಣ ಹಿಡಿದವಳು, ಅಮ್ಮ ಹೋದ ಮೇಲೂ ಅದೇ ಜಾಗದಲ್ಲಿ ಕೂತಿದ್ದಳು. ಮಷೀನು ನೋಡಿಕೊಳ್ಳುವುದು, ತಳ್ಳುಗಾಡಿಯಲ್ಲಿ ಹಾಸಿಗೆ ಮುಟ್ಟಿಸುವುದು ತಮ್ಮನ ಕೆಲಸ. ಗವಸು ಹೊಲಿಯುವುದು, ಹತ್ತಿ ತುಂಬುವುದು, ಕೋಲಿನಿಂದ ಬಡಿದು ಸಮ ಮಾಡುವುದು, ಬಾಯಿ ಹೊಲಿಯುವುದು ಅವಳದು. ಸಂಜೆ ತಮ್ಮ ಹೆಂಡತಿ ಮಕ್ಕಳಿರುವ ಮನೆಗೆ ಹೊರಟರೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು, ಅರಳೆ, ಇಬ್ಬರೇ. ಮಲಗಿದಾಗ ಅರಳೆ ಬೆನ್ನನ್ನು ಅವಳ ಕುತ್ತಿಗೆಗೆ ಒತ್ತಿಕೊಂಡು ಗುರುಗುಡುತ್ತಿತ್ತು. ಆ ಗುರುಗುರು ಅದಕ್ಕೇ ಕೇಳಿಸದು. ಕೇಳಿಸಿಕೊಳ್ಳಲೆಂದೇ ದೇವರು ತನ್ನನ್ನು ಇಟ್ಟಿದ್ದಾನೆ ಎಂದು ಅವಳು ಸದ್ದಿಲ್ಲದೆ ನಂಬಿದ್ದಳು.

ದಿನವಿಡೀ ಅದರ ಜೊತೆ ಮಾತೂ ಆಡುತ್ತಿದ್ದಳು.

“ಕಿವುಡು ಬೆಕ್ಕಿಗೆ ಎಂಥ ಕಥೆ ಹೇಳ್ತೀಯಕ್ಕ?” ಎಂದು ತಮ್ಮ ಆಡಿಕೊಂಡರೆ, “ಎರಡು ಕಿವಿ ಇಟ್ಕೊಂಡಿರೋ ನೀನು ಕೇಳ್ತೀಯೇನೋ?” ಎನ್ನುತ್ತಿದ್ದಳು.

ಈಗ ಅವಳು ತಟ್ಟೆ ಪಕ್ಕಕ್ಕೆ ಸರಿಸಿ ಎದ್ದಳು. ಹಿಂದಿನ ಕೋಣೆ ನೋಡಿದಳು. ಹಳೇ ಗವಸುಗಳ ಮೂಟೆ ಬಿಚ್ಚಿ ನೋಡಿದಳು. ರಾಶಿಯೊಳಗೆ ಎರಡೂ ಕೈ ಹಾಕಿ ತಡಕಾಡಿದಳು. ಹೊರಗೆ ಬಂದು ಚರಂಡಿಯ ಉದ್ದಕ್ಕೂ, ನಿಂತ ಗಾಡಿಗಳ ಕೆಳಗೆ ಬಗ್ಗಿ ನೋಡಿದಳು. ಅರಳೆ ಬೀದಿಗೆ ಇಳಿಯುವ ಬೆಕ್ಕಲ್ಲ. ಕೇಳಿಸದ ಗಾಡಿಗಳಿಗೆ ಹೆದರಿ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಅವಳು ಮತ್ತೆ ಒಳಗೆ ಬಂದಳು.

ಅಷ್ಟರಲ್ಲಿ ತಮ್ಮ ಖಾಲಿ ತಳ್ಳುಗಾಡಿ ನಿಲ್ಲಿಸಿ ಒಳಗೆ ಬಂದ. ಬೆಳಗ್ಗೆ ಹೊಲಿದು ಮುಗಿಸಿದ ಹಾಸಿಗೆಯನ್ನು ರೈಲು ಗೇಟಿನಾಚೆಯ ಬಸ್ ಡ್ರೈವರೊಬ್ಬರ ಮನೆಗೆ ಮುಟ್ಟಿಸಿ, ದಾರಿಯಲ್ಲಿ ಇನ್ನೆರಡು ಅಂಗಡಿ ಸುತ್ತಿ ಬಂದಿದ್ದ.

“ಅರಳೆ ಕಾಣಿಸ್ತಿಲ್ಲ ಕಣೋ.”

“ನಿನ್ನ ಮಹಾರಾಣಿ ಎಲ್ಲಿ ಹೋಗ್ತಾಳೆ? ಯಾವನೋ ಗಂಡುಬೆಕ್ಕು ಶಿಳ್ಳೆ ಹೊಡೆದಿರ್ಬೇಕು.”

“ಶಿಳ್ಳೆ ಅವಳಿಗೆ ಕೇಳ್ಸುತ್ತೇನೋ ಮಂಕೇ?”

“ಹೌದಲ್ಲ. ಹಾಗಾದ್ರೆ ಕಣ್ಣು ಹೊಡೆದಿರ್ಬೇಕು.”

ಅವಳು ನಗಲಿಲ್ಲ. ಅವಳ ಕಣ್ಣು ಮಷೀನಿನ ಮೇಲೆ ನಿಂತಿತ್ತು. ತಮ್ಮ ಆ ಕಡೆ ನೋಡಿದ. ಅವನ ಮುಖದ ನಗೆಯೂ ಅಲ್ಲೇ ಆರಿತು. ಮಷೀನಿನ ಬಾಯಿಗೆ ಹತ್ತಿ ಒತ್ತಿದರೆ ಒಳಗೆ ಮೊಳೆಗಳು ತುಂಬಿದ ಉರುಳೆ ಅದನ್ನು ಎಳೆದುಕೊಂಡು ಎಳೆಎಳೆಯಾಗಿ ಹರಿದು ಹಾಕುತ್ತದೆ. ಬೆಳಗ್ಗೆಯೆಲ್ಲ ಅವನು ರಾಶಿಯಿಂದ ತೋಳು ತುಂಬ ಎತ್ತಿ ಎತ್ತಿ ಅದರ ಬಾಯಿಗೆ ಕೊಟ್ಟಿದ್ದ. ಬಿಳಿ ರಾಶಿ. ಬಿಳಿ ಬೆಕ್ಕು.

“ನೀನು ಆ ಕಡೆ ತಿರುಗಕ್ಕ, ನಾನು ನೋಡ್ತೀನಿ,” ಎಂದ.

ಅವಳು ತಿರುಗಲಿಲ್ಲ. ಅವನು ತಿರುಪು ಬಿಚ್ಚಿ ಮುಚ್ಚಳ ಎತ್ತಿದ. ಮೊಳೆಗಳ ಮೇಲೆ ಹತ್ತಿ ಅಂಟಿಕೊಂಡಿತ್ತು. ಅಲ್ಲಲ್ಲಿ ಎಳೆದು ನೋಡಿದ. ಎಲ್ಲ ಬಿಳಿ. ಕೆಂಪು ಎಲ್ಲೂ ಇರಲಿಲ್ಲ.

“ಇಲ್ಲಿಲ್ಲ,” ಎಂದು ಅವನು ಉಸಿರು ಬಿಟ್ಟ. “ದೇವ್ರೇ. ಇಲ್ಲಿಲ್ಲ ಕಣಕ್ಕ.”

ಇಲ್ಲಿಲ್ಲವಾದರೆ ಎಲ್ಲಿ? ಅಕ್ಕ ತಾನು ಕೆಲಸ ಮಾಡುವ ಜಾಗದಲ್ಲಿ ಹೋಗಿ ಕೂತಳು. ಬೆಳಗಿನಿಂದ ಮಾಡಿದ್ದನ್ನೆಲ್ಲ ಮತ್ತೊಮ್ಮೆ ಮನಸ್ಸಿನಲ್ಲಿ ಮಾಡತೊಡಗಿದಳು.

ಡ್ರೈವರ ಹಾಸಿಗೆಯ ಗವಸಿಗೆ ಹತ್ತಿ ತುಂಬಿದ್ದಳು. ಕೋಲಿನಿಂದ ಬಡಿದು ಸಮ ಮಾಡಿದ್ದಳು. ಆಮೇಲೆ ಬಾಯಿ ಹೊಲಿಯದೆ ಹಾಗೇ ಬಿಟ್ಟಿದ್ದಳು. ಇದು ಅಮ್ಮ ಕಲಿಸಿದ ಕ್ರಮ. ಬಡಿದ ಹತ್ತಿ ಒಳಗಿನ ಗಾಳಿ ಬಿಟ್ಟು ಕೂರಬೇಕು. ಆತುರಪಟ್ಟು ಬಾಯಿ ಮುಚ್ಚಿದರೆ ನಾಲ್ಕೇ ದಿನಕ್ಕೆ ಗಂಟುಗಂಟಾಗುತ್ತದೆ. ಆ ಬಿಡುವಿನಲ್ಲಿ ಅಮ್ಮ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು, ಇವಳೂ ಹಾಗೇ. ‘ಇದರ ಮೇಲೆ ಮಲಗೋರಿಗೆ ಒಳ್ಳೆ ನಿದ್ದೆ ಕೊಡಪ್ಪಾ.’ ಇವತ್ತು ಬಿದ್ದು ಬೆನ್ನಿಗೆ ಪೆಟ್ಟಾಗಿ ಮಲಗಿರುವ ಡ್ರೈವರ ಸಂಗತಿ ಕೇಳಿದ್ದರಿಂದ ಪ್ರಾರ್ಥನೆ ಸ್ವಲ್ಪ ಉದ್ದವೇ ಆಗಿತ್ತು. ಕಣ್ಣು ಬಿಟ್ಟವಳು ದಬ್ಬಣಕ್ಕೆ ದಾರ ಪೋಣಿಸಿ ಹೊಲಿಯಲು ಕೂತಿದ್ದಳು. ಕೊನೆಯ ಮೂಲೆಯಲ್ಲಿ ದಬ್ಬಣ ಯಾಕೋ ಹಿಡಿದುಕೊಂಡಿತ್ತು. ಹತ್ತಿಯ ಗಂಟಿರಬೇಕೆಂದು ಅಂಗೈ ಇಟ್ಟು ಜೋರಾಗಿ ನೂಕಿದ್ದಳು.

ಅವಳು ತಟ್ಟನೆ ಎದ್ದಳು.

ಮಷೀನು ಆಗ ಓಡುತ್ತಿತ್ತು. ಅರಳೆ ಕಿರುಚಿದ್ದರೂ ಕೇಳಿಸುತ್ತಿರಲಿಲ್ಲ.

ಗೋಡೆಗೆ ಚುಚ್ಚಿಟ್ಟಿದ್ದ ದಬ್ಬಣ ಕಿತ್ತು ಬಾಗಿಲ ಬೆಳಕಿಗೆ ಹಿಡಿದಳು. ತುದಿಯ ಹತ್ತಿರ ಕೆಂಪಾಗಿ ಏನೋ ಇತ್ತು. ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು. ತುಕ್ಕೋ ಬೇರೆಯೋ ತಿಳಿಯಲಿಲ್ಲ.

“ಅವಳನ್ನ ಒಳಗೆ ಹಾಕಿ ಹೊಲಿದುಬಿಟ್ಟಿದೀನಿ ಕಣೋ,” ಎಂದಳು. ದನಿ ಅವಳದಾಗಿರಲಿಲ್ಲ.

“ಏನೇನೋ ಮಾತಾಡ್ಬೇಡ.”

“ನಾನು ಕಣ್ಣು ಮುಚ್ಚಿಕೊಂಡಿದ್ದಾಗ ಹೋಗಿದಾಳೆ. ದೇವರ ಮುಂದೆ ಕಣ್ಣು ಮುಚ್ಚಿಕೊಂಡಿದ್ದಾಗ.”

ತಮ್ಮ ಏನೋ ಹೇಳಹೊರಟು ತನ್ನ ಮಂಡಿಯತ್ತ ನೋಡಿಕೊಂಡ. “ಗಾಡಿ ಮೇಲೆ ಹಗ್ಗ ಬಿಗಿಯೋವಾಗ...” ಎಂದ. “ಮಂಡಿ ಊರಿ ಬಿಗಿದೆ ಅಕ್ಕ. ಹಾಸಿಗೆ ಜಾರಬಾರದು ಅಂತ.”

ಅಕ್ಕನೇ ಅವನ ಜೇಬಿನಿಂದ ಫೋನು ಎಳೆದು ಕೈಗಿತ್ತಳು. ಅವನು ಡ್ರೈವರ ಮನೆಗೆ ಫೋನು ಹಚ್ಚಿ ಅವಳ ಕಿವಿಗಿಟ್ಟ. ಆ ಕಡೆಯಿಂದ ಡ್ರೈವರ ಹೆಂಡತಿ ಹಲೋ ಎಂದರು.

“ಅಮ್ಮಾ, ನಾವು ಹಾಸಿಗೆ ಅಂಗಡಿಯವರು.”

“ಹೇಳಿ. ಹಾಸಿಗೆ ಚೆನ್ನಾಗಿ ಬಂದಿದೆ. ಹಾಸಿ ಅವರನ್ನ ಮಲಗಿಸಿಯೂ ಆಯ್ತು.”

ಮಲಗಿಸಿಯೂ ಆಯ್ತು. ಇಂಥದ್ದನ್ನು ಹೇಗೆ ಕೇಳಬೇಕು? ಯಾರು ಯಾರನ್ನು ಎಂದಾದರೂ ಕೇಳಿದ್ದಾರೆ?

“ಅಮ್ಮಾ, ಆ ಹಾಸಿಗೆ ಒಳಗೆ... ಏನಾದ್ರೂ ಅಲ್ಲಾಡ್ತಿದೆಯಾ?”

ಆ ಕಡೆ ಸದ್ದೇ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು, ನಕ್ಕಿದ್ದರೂ ಒಳ್ಳೆಯದಿತ್ತು. ಆ ಹೆಂಗಸು ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಫೋನು ಕಟ್ಟಾಯಿತು.

ಅಂಗಡಿಗೆ ಬೀಗ ಹಾಕಿದರೋ ಇಲ್ಲವೋ ಇಬ್ಬರಿಗೂ ಎಚ್ಚರವಿರಲಿಲ್ಲ. ತಮ್ಮ ಮುಂದೆ, ಅವಳು ಹಿಂದೆ, ಓಡಿದರು. ಜೀವಮಾನವೆಲ್ಲ ಕೂತು ಕೆಲಸ ಮಾಡಿದ ಮೈ ಅದು. ಪೇಟೆ ಬೀದಿ ದಾಟುವುದರೊಳಗೆ ಪಕ್ಕೆ ಹಿಡಿಯಿತು. “ಏನಕ್ಕ, ತಮ್ಮನ್ನ ಅಟ್ಟಿಸ್ಕೊಂಡು ಹೊರಟಿದೀಯ?” ಎಂದು ಬೀಗದಂಗಡಿಯವನು ಕೂಗಿದ. ಅವಳು ತಿರುಗಿ ನೋಡಲಿಲ್ಲ.

ರೈಲು ಗೇಟು ಮುಚ್ಚಿತ್ತು.

ಗೂಡ್ಸ್ ಗಾಡಿ. ಬಸುರಿಯ ಹಾಗೆ ನಿಧಾನವಾಗಿ ಸಾಗುತ್ತಿತ್ತು, ಮುಗಿಯುವ ಲಕ್ಷಣವೇ ಇರಲಿಲ್ಲ. ತಮ್ಮ ಕಂಬಿಯ ಕೆಳಗೆ ನುಸುಳಲು ಬಗ್ಗಿದ. ಅಕ್ಕ ಅವನ ಅಂಗಿಯ ಕಾಲರು ಹಿಡಿದು ಜಗ್ಗಿದಳು. “ನಿನ್ನನ್ನೂ ಕಳ್ಕೊಳ್ಳಲಾ?” ಎಂದಳು. ಡಬ್ಬಿಯ ಹಿಂದೆ ಡಬ್ಬಿ, ಡಬ್ಬಿಯ ಹಿಂದೆ ಡಬ್ಬಿ. ಈಗ ಹತ್ತಿ ಅರಳೆಯ ಮೂಗಿಗೆ ಹೋಗಿರುತ್ತದೆ. ಈಗ ಬಾಯಿಗೆ. ಅದಕ್ಕೆ ಮೊದಲೇ ಕಿವಿಯಿಲ್ಲ, ಒಳಗೆ ಕಣ್ಣೂ ಇಲ್ಲ, ಸುತ್ತ ಏನೂ ಇಲ್ಲ. ತಾನು ಬಿಗಿದ ಹೊಲಿಗೆ. ಎಳೆದರೂ ಬಿಚ್ಚದ ಹೊಲಿಗೆ ಎಂದು ಊರೆಲ್ಲ ಹೊಗಳುವ ಹೊಲಿಗೆ. ಅವಳಿಗೆ ದೇವರನ್ನು ಕರೆಯಬೇಕೆನಿಸಿತು. ಕೈ ಜೋಡಿಸಿದಳು, ಆದರೆ ಕಣ್ಣು ಮುಚ್ಚುವ ಧೈರ್ಯವಾಗಲಿಲ್ಲ. ಬಿಟ್ಟ ಕಣ್ಣಲ್ಲೇ ಡಬ್ಬಿಗಳನ್ನು ನೋಡುತ್ತ, “ಸ್ವಲ್ಪ ಗಾಳಿ ಕೊಡಪ್ಪಾ, ಅಷ್ಟು ಸಾಕು,” ಎಂದಳು.

ಡ್ರೈವರ ಮನೆ ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಬಾಗಿಲು ಬಡಿಯುವ ಮೊದಲೇ ತೆರೆಯಿತು. ಡ್ರೈವರ ಹೆಂಡತಿ ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡರು. ಬೈಗುಳ ತಿನ್ನಲು ತಯಾರಾಗಿ ಬಂದಿದ್ದ ಅಕ್ಕ ಆ ಮುಖ ನೋಡಿ ಬೆಚ್ಚಿದಳು. ಅಲ್ಲಿ ಸಿಟ್ಟಿರಲಿಲ್ಲ. ತನ್ನ ಮುಖದಲ್ಲಿ ಏನಿತ್ತೋ ಅದೇ ಅಲ್ಲೂ ಇತ್ತು.

“ಒಳಗೆ ಅಲ್ಲಾಡ್ತಿದೆಯಾ ಅಂತ ಕೇಳಿದ್ರಲ್ಲ,” ಅವರು ಪಿಸುಗುಟ್ಟಿದರು. “ನಿಮಗೆ ಹೇಗೆ ಗೊತ್ತು?”

“ಅಲ್ಲಾಡ್ತಿದೆಯಾ ಅಮ್ಮ?”

“ಅವರು ಹೇಳಿದ್ರು. ಎಡಗಾಲ ಹತ್ರ ಏನೋ ಅಲ್ಲಾಡ್ತಿದೆ, ಏನೋ ಉಸಿರಾಡ್ತಿದೆ ಅಂತ. ಬಸ್ಸಿನ ಮೇಲಿಂದ ಬಿದ್ದಾಗಿನಿಂದ ಅವರಿಗೆ ಮೊಣಕಾಲ ಕೆಳಗೆ ಏನೂ ಗೊತ್ತಾಗಲ್ಲ. ಕಾದ ನೀರು ಬಿದ್ರೂ ಗೊತ್ತಾಗಲ್ಲ. ಇಲ್ಲದ್ದೆಲ್ಲ ಇದ್ದ ಹಾಗೆ ಅನ್ಸುತ್ತೆ, ನಂಬಬೇಡಿ ಅಂತ ಡಾಕ್ಟ್ರು ಮೊದಲೇ ಹೇಳಿದ್ರು. ಸುಮ್ನೆ ಭ್ರಮೆ, ಬಾಯಿ ಮುಚ್ಕೊಂಡು ಮಲಗಿ ಅಂತ ನಾನೇ ಬೈದೆ. ಬೈದು ಅಡುಗೆಮನೆಗೆ ಹೋಗಿ ಅತ್ತೆ. ಅಷ್ಟರಲ್ಲಿ ನಿಮ್ಮ ಫೋನು.”

“ನನ್ನ ಬೆಕ್ಕು ಅದರೊಳಗಿದೆ ಅನ್ಸುತ್ತೆ ಅಮ್ಮ. ನಾನೇ ಹಾಕಿ ಹೊಲಿದಿದೀನಿ.”

ಆ ಹೆಂಗಸು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರ ಕಣ್ಣಲ್ಲಿ ಏನೋ ಹಾದುಹೋಯಿತು.

“ಈಗಲೂ ಅಲ್ಲಾಡ್ತಿದೆ ಅಂತಾರಾ?” ಅಕ್ಕ ಕೇಳಿದಳು.

“ಸ್ವಲ್ಪ ಹೊತ್ತಿನಿಂದ ಏನೂ ಹೇಳ್ತಿಲ್ಲ.”

ಅಕ್ಕ ಬಾಗಿಲು ತಳ್ಳಿದಳು.

ಒಳಗೆ ಮಂಚದ ಮೇಲೆ ಅವಳ ಹಾಸಿಗೆ, ಹಾಸಿಗೆಯ ಮೇಲೆ ಡ್ರೈವರು. ದಪ್ಪ ಮೀಸೆಯ ದೊಡ್ಡ ಆಳು. ಸೊಂಟಕ್ಕೆ ಪಟ್ಟಿ. ಮೂವರೂ ಒಟ್ಟಿಗೆ ನುಗ್ಗಿದ್ದು ನೋಡಿ ಹುಬ್ಬೇರಿಸಿದರು.

“ಏನ್ರಪ್ಪ, ಕೊಟ್ಟ ಹಾಸಿಗೆ ಕಿತ್ಕೊಂಡು ಹೋಗೋಕೆ ಬಂದ್ರಾ?”

“ಕಾಲ ಹತ್ರ ಅಲ್ಲಾಡಿದ್ದು ಈಗ ಹೇಗಿದೆ?” ಹೆಂಡತಿ ಕೇಳಿದರು.

“ಭ್ರಮೆ ಅಂದೆಯಲ್ಲ. ಭ್ರಮೆ ನಿಂತೋಯ್ತು.”

ಅಕ್ಕ ಮಂಚದ ಪಕ್ಕ ಕುಸಿದು ಕೂತಳು. ಎಡಗಾಲ ಕಡೆಯ ಮೂಲೆ. ದಬ್ಬಣ ಹಿಡಿದುಕೊಂಡಿದ್ದ ಮೂಲೆ. ಮೇಲಿನಿಂದ ನೋಡಿದರೆ ಸ್ವಲ್ಪ ಉಬ್ಬಿತ್ತು, ಅಷ್ಟೆ. ನೆಲ ಕುಟ್ಟುವ ಹಾಗೆಯೇ ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಕಾದಳು. ಮತ್ತೆ ತಟ್ಟಿದಳು. ಏನೂ ಇಲ್ಲ. ಅಂಗೈ ಒತ್ತಿ ಬೆಚ್ಚಗಿದೆಯೇ ನೋಡಿದಳು. ಬೆಚ್ಚಗಿತ್ತು. ಆದರೆ ಅದು ಡ್ರೈವರ ಪಾದದ ಬಿಸಿಯೂ ಆಗಿರಬಹುದು.

“ಇವರನ್ನ ಎತ್ತಬೇಕಲ್ಲ,” ಎಂದ ತಮ್ಮ. “ಬೆನ್ನಿಗೆ ಏನಾದ್ರೂ ಆದ್ರೆ?”

ಹೆಂಡತಿ ಒಂದು ಕ್ಷಣ ಗಂಡನ ಕಾಲನ್ನು ನೋಡಿದರು, ಒಂದು ಕ್ಷಣ ಅಕ್ಕನನ್ನು. “ಎತ್ತೋಣ,” ಎಂದರು. “ಕೆಳಗಿನ ದುಪ್ಪಟಿ ಸಮೇತ ಎತ್ತಬೇಕು, ಬೆನ್ನು ಬಗ್ಗಬಾರದು. ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಿದಾರೆ.”

“ನನ್ನನ್ನ ಯಾರಾದ್ರೂ ಒಂದು ಮಾತು ಕೇಳ್ತೀರಾ?” ಎಂದರು ಡ್ರೈವರು. “ಇಡೀ ಬಸ್ ಓಡಿಸ್ತಿದ್ದೋನು ನಾನು. ಈಗ ನನ್ನನ್ನೇ ಲಗೇಜ್ ಮಾಡ್ಬಿಟ್ರಿ.”

ತಮ್ಮ ತಲೆಯ ಕಡೆ ದುಪ್ಪಟಿಯ ಎರಡೂ ತುದಿ ಹಿಡಿದ. ಹೆಂಗಸರಿಬ್ಬರು ಕಾಲ ಕಡೆ ಹಿಡಿದರು. ಮೂವರೂ ಉಸಿರು ಕಟ್ಟಿ, ಕಿಟಕಿಯ ಪಕ್ಕದ ಮರದ ದಿವಾನದ ಮೇಲೆ ಅವರನ್ನು ಇಳಿಸಿದರು. ಡ್ರೈವರು ಹಲ್ಲು ಕಚ್ಚಿಕೊಂಡಿದ್ದರು, ಕೂಗಲಿಲ್ಲ.

ಡ್ರೈವರ ಹೆಂಡತಿ ತಂದುಕೊಟ್ಟ ಕತ್ತರಿಯನ್ನು ಅಕ್ಕ ತೆಗೆದುಕೊಂಡಳು. ಬಟ್ಟೆಯನ್ನೇ ಸೀಳಿಬಿಡಬಹುದಿತ್ತು. ಸೀಳಿದರೆ ಕತ್ತರಿಯ ಅಲಗು ಎಲ್ಲಿಗೆ ಹೋಗುತ್ತದೋ. ಅಂಚಿನ ಹೊಲಿಗೆಯನ್ನೇ ಒಂದೊಂದಾಗಿ ಬಿಚ್ಚತೊಡಗಿದಳು. ಎಷ್ಟು ಬಿಗಿ. ಕತ್ತರಿಯ ತುದಿ ದಾರದ ಕೆಳಗೆ ನುಗ್ಗುತ್ತಲೇ ಇರಲಿಲ್ಲ. “ಯಾಕೆ ಹೀಗೆ ಹೊಲಿದೆಯೇ ಮುಂಡೇದೇ,” ಎಂದು ತನ್ನನ್ನೇ ಬೈದುಕೊಂಡಳು. ಡ್ರೈವರ ಹೆಂಡತಿ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದರು. ಒಳಗೆ ಬೆಕ್ಕು ಇರಲಿ, ಗಂಡನ ಕಾಲಿಗೆ ತಿಳಿದದ್ದು ಭ್ರಮೆಯಾಗದಿರಲಿ ಎಂದು ಅವರು ಬೇಡುತ್ತಿರುವುದು ಅಕ್ಕನಿಗೆ ಗೊತ್ತಾಯಿತು. ಇಲ್ಲದಿರಲಿ ಎಂದು ಅವಳು ಬೇಡುತ್ತಿದ್ದಳು.

ಬಾಯಿ ಬಿಚ್ಚಿಕೊಂಡಿತು. ತೋಳು ತೂರಿಸಿದಳು. ಹತ್ತಿ. ಹತ್ತಿ. ಇನ್ನೂ ಹತ್ತಿ. ಆಮೇಲೆ ಬೆರಳಿಗೆ ಹತ್ತಿಗಿಂತ ಮೆತ್ತನೆಯದೇನೋ ತಗುಲಿತು.

ಅದು ಅಲ್ಲಾಡಲಿಲ್ಲ.

“ಇದೆ,” ಎಂದಳು. ಎಳೆದರೆ ಬರಲಿಲ್ಲ. ಬಾಲದ ತುದಿಯನ್ನು ಹೊಲಿಗೆ ಹಿಡಿದುಕೊಂಡಿತ್ತು. ಅವಳ ದಬ್ಬಣ ಬಾಲದ ಚರ್ಮದೊಳಗೇ ಹಾದು ಹೋಗಿತ್ತು. ಅಲ್ಲಿ ಬಿಳಿ ಕೂದಲು ಕೆಂಪಾಗಿ ಒಣಗಿತ್ತು. ದಾರ ಕತ್ತರಿಸಿದಳು. ಅರಳೆಯನ್ನು ಎರಡೂ ಕೈಯಲ್ಲಿ ಹೊರಗೆ ತೆಗೆದಳು. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಬಾಯಿ ಅರೆ ತೆರೆದಿತ್ತು. ಮೂಗಿನ ಸುತ್ತ ಹತ್ತಿಯ ಎಳೆಗಳು ಅಂಟಿದ್ದವು. ಕಿರುಬೆರಳಿನಿಂದ ಅವನ್ನು ಬಿಡಿಸಿದಳು. ಬಾಯೊಳಗಿನ ಎಳೆ ತೆಗೆದಳು. ಮೂಗಿಗೆ ಊದಿದಳು. ಮತ್ತೆ ಊದಿದಳು.

“ಏನಾಯ್ತು?” ದಿವಾನದ ಮೇಲಿಂದ ಡ್ರೈವರು ಕೂಗಿದರು. “ನನಗೇನೂ ಕಾಣಲ್ಲ, ಯಾರಾದ್ರೂ ಹೇಳ್ರೋ.”

“ಬೆಕ್ಕು,” ಎಂದರು ಹೆಂಡತಿ.

“ಎಲ್ಲಿತ್ತು?”

“ಎಡಗಾಲ ಹತ್ರ. ನೀವು ಹೇಳಿದ ಕಡೇನೇ.”

ಡ್ರೈವರು ಕತ್ತೆತ್ತಿ ನೋಡಲು ಹೋದರು. ಆಮೇಲೆ, “ಎಡಗಾಲಲ್ವಾ?” ಎಂದು ಇನ್ನೊಮ್ಮೆ ಕೇಳಿದರು. ಮಾತು ಅರ್ಧಕ್ಕೇ ಒಡೆಯಿತು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೊರಗಿದರು. ಆ ಮನೆಗೆ ಎಷ್ಟೋ ದಿನದಿಂದ ಬಾರದಿದ್ದ ಏನೋ ಬಂದು ನಿಂತಿತ್ತು. ಅಕ್ಕನಿಗೆ ಅದು ಕೇಳಿಸುತ್ತಲೂ ಇರಲಿಲ್ಲ, ಕಾಣುತ್ತಲೂ ಇರಲಿಲ್ಲ. ಅವಳು ಅರಳೆಯ ಎದೆಯ ಮೇಲೆ ಎರಡು ಬೆರಳಿಟ್ಟಿದ್ದಳು. ಬೆರಳೇ ನಡುಗುತ್ತಿತ್ತು, ಅದರ ಎದೆ ಬಡಿದರೂ ತಿಳಿಯುವಂತಿರಲಿಲ್ಲ.

“ಅಕ್ಕ,” ಎಂದ ತಮ್ಮ. ಬಿಟ್ಟುಬಿಡು ಎನ್ನುವ ಹಾಗಿತ್ತು ಅವನ ದನಿ.

ಅವಳು ಬಿಡಲಿಲ್ಲ. ಅರಳೆಯನ್ನು ತೊಡೆಯ ಮೇಲೆ ಮಲಗಿಸಿ ಪಕ್ಕೆ ಉಜ್ಜಿದಳು. ಜೋರಾಗಿ, ನೋವಾಗುವ ಹಾಗೆ ಉಜ್ಜಿದಳು. ಮತ್ತೆ ಮೂಗಿಗೆ ಬಾಯಿಟ್ಟು ಊದಿದಳು.

ಅರಳೆ ಸೀನಿತು.

ಸಣ್ಣ ಸೀನು. ಇನ್ನೊಂದು. ಮೈಯೆಲ್ಲ ಒಮ್ಮೆ ಸೆಟೆಯಿತು, ಕಣ್ಣು ತೆರೆಯಿತು. ಅಕ್ಕ “ಅಮ್ಮಾ” ಎನ್ನುವಷ್ಟರಲ್ಲಿ ಅವಳ ಕೈಯನ್ನು ಉಗುರಿನಿಂದ ಉದ್ದಕ್ಕೂ ಸೀಳಿ, ಹತ್ತಿಯ ಎಳೆಗಳನ್ನು ಎಳೆದುಕೊಂಡೇ ದಿವಾನದ ಕೆಳಗೆ ನುಗ್ಗಿತು. ಅಲ್ಲಿಂದ ಕಿರುಚಿತು. ಕಿವುಡು ಬೆಕ್ಕಿನ ಕಿರುಚಾಟಕ್ಕೆ ಅಳತೆಯಿಲ್ಲ, ಕೆಳಗಿನ ಬೇಕರಿಯಲ್ಲಿ ಯಾರೋ “ಏನದು?” ಎಂದು ಕೂಗಿದರು.

ಅಕ್ಕ ನೆಲದ ಮೇಲೆ ಮಲಗಿ ಕೆಳಗೆ ಇಣುಕಿದಳು. ದೂರದ ಗೋಡೆಗೆ ಅಂಟಿಕೊಂಡು ಅರಳೆ ಅವಳನ್ನೇ ನೋಡುತ್ತಿತ್ತು. ಕೂದಲೆಲ್ಲ ನಿಮಿರಿತ್ತು. ಗುರುತಿನ ನೋಟವಲ್ಲ ಅದು. ಅವಳ ಮೈಯಿಂದ ಬರುವ ವಾಸನೆಯೇ ಹಾಸಿಗೆಯೊಳಗಿನ ವಾಸನೆ, ಅದೇ ಹತ್ತಿ, ಅದೇ ದಾರ. ಯಾರಿಗೆ ಹೆದರಬೇಕೆಂದು ಅದು ಸರಿಯಾಗಿಯೇ ತಿಳಿದಿತ್ತು. ಅವಳಿಗೆ ಹೊಸ ಭಯ ಹುಟ್ಟಿತು. ಜೀವ ಉಳಿಯಿತು, ಆದರೆ ಇನ್ನು ಇದು ತನ್ನದಾಗಿರುತ್ತದೆಯೇ? ಕರೆದು ಸಮಾಧಾನ ಮಾಡೋಣವೆಂದರೆ ಕಿವಿಯಿಲ್ಲ. ಈ ನೆಲ ಕುಟ್ಟಿದರೆ ಇನ್ನಷ್ಟು ಬೆದರುತ್ತದೆ.

“ಹಲಗೆ ಅದುರ್ತಿದೆ,” ಎಂದರು ಮೇಲಿನಿಂದ ಡ್ರೈವರು. “ಪಾಪ, ಎಷ್ಟು ನಡುಗ್ತಿದೆ ಅದು.”

ಅಕ್ಕ ಸೀಳಿಸಿಕೊಂಡ ಕೈಯನ್ನೇ ಮೆಲ್ಲಗೆ ಒಳಗೆ ಚಾಚಿದಳು. ಅಂಗೈ ಮೇಲೆ ಮಾಡಿ ನೆಲದ ಮೇಲಿಟ್ಟಳು. ಅರಳೆ ಒಂದೇ ಸಲ ಹಾರಿ ಅದನ್ನು ಕಚ್ಚಿತು. ಹಲ್ಲು ಹೆಬ್ಬೆರಳ ಬುಡದಲ್ಲಿ ಆಳವಾಗಿ ಇಳಿಯಿತು. ಅವಳಿಗೆ ಕಣ್ಣಲ್ಲಿ ನೀರು ಬಂತು, ಆದರೂ ಕೈ ಅಲ್ಲಾಡಿಸಲಿಲ್ಲ.

“ಸಿಕ್ತಾ?” ತಮ್ಮ ಪಕ್ಕದಲ್ಲಿ ಬಗ್ಗಿ ಕೇಳಿದ.

“ಹೂಂ.”

“ಏನ್ ಮಾಡ್ತಿದೆ?”

“ಕಚ್ತಿದೆ.”

“ಅಯ್ಯೋ, ಕೈ ತೆಗಿ ಅಕ್ಕ, ಕೋಲು ತರ್ತೀನಿ.”

“ಕೋಲು ಗೀಲು ಬೇಡ. ಸುಮ್ನಿರೋ,” ಎಂದಳು. ಕೆನ್ನೆ ತಣ್ಣನೆ ನೆಲಕ್ಕೆ ಒತ್ತಿತ್ತು. “ಕಚ್ಚೋದಕ್ಕಾದರೂ ನನ್ನ ಹತ್ರ ಬಂದಿದೆಯಲ್ಲ. ಕಚ್ಚಲಿ.”

ಹಲ್ಲುಗಳ ಹಿಂದಿನಿಂದ ಅದರ ಉಸಿರು ಬಿಸಿಯಾಗಿ, ಬೇಗಬೇಗ, ಅವಳ ಮಣಿಕಟ್ಟಿಗೆ ಬಡಿಯುತ್ತಿತ್ತು. ಅವಳು ಕಣ್ಣು ಬಿಟ್ಟುಕೊಂಡೇ ಅದನ್ನೇ ಕೇಳಿಸಿಕೊಳ್ಳುತ್ತ ಮಲಗಿದಳು. ಅರಳೆ ಇನ್ನೂ ಹಲ್ಲು ಸಡಿಲಿಸಿರಲಿಲ್ಲ.